ಹಣ್ಣಿನ ಜೊತೆ ಪೆಟ್ಟಿಗೆಯನ್ನೂ ಪರೀಕ್ಷಿಸಬೇಕು

ಹಾನಗಲ್ ಕಡೆಯ ಗೆಳೆಯರಿಗೆ ಮಾವಿನ ಸುಗ್ಗಿ ಚೆನ್ನಾಗಿ ಗೊತ್ತು. ಹಣ್ಣು ಎಷ್ಟೇ ಚೆನ್ನಾಗಿರಲಿ, ಪೆಟ್ಟಿಗೆ ಮತ್ತು ಹುಲ್ಲು ಸರಿಯಿಲ್ಲದಿದ್ದರೆ ಪೇಟೆ ಮುಟ್ಟುವಷ್ಟರಲ್ಲಿ ಜಜ್ಜಿಹೋಗುತ್ತದೆ. ಜೀನ್ ಚಿಕಿತ್ಸೆಯ ಕಥೆಯೂ ಹೀಗೇ ನೋಡ್ರಿ. ಎಂಆರ್‌ಎನ್‌ಎಯನ್ನು ಹಾಗೇ ರಕ್ತಕ್ಕೆ ಬಿಟ್ಟರೆ ಕಿಣ್ವಗಳು ಕತ್ತರಿಸಿ ಹಾಕುತ್ತವೆ. ಅದಕ್ಕೇ ಅದನ್ನು ಸುಮಾರು 100 ನ್ಯಾನೋಮೀಟರ್‌ನ ಕೊಬ್ಬಿನ ಗೋಲಿಯಲ್ಲಿ, ಅಂದರೆ ಲಿಪಿಡ್ ನ್ಯಾನೋಕಣದಲ್ಲಿ ತುಂಬುತ್ತಾರೆ.

ಒಂದೇ ವ್ಯತ್ಯಾಸ: ಮಾವಿನ ಪೆಟ್ಟಿಗೆಯನ್ನು ನಾವು ತಿನ್ನುವುದಿಲ್ಲ. ಇಲ್ಲಿ ಪೆಟ್ಟಿಗೆಯೂ ಮೈಯೊಳಗೇ ಹೋಗುತ್ತದೆ. ಸುರಕ್ಷತೆಯ ಪ್ರಶ್ನೆ ಹುಟ್ಟುವುದೇ ಇಲ್ಲಿ. ಮೂರು ಅಂಶ ನೋಡೋಣ.

ಒಂದು, ವಿದ್ಯುದಾವೇಶ. ಆರ್‌ಎನ್‌ಎ ಋಣಾತ್ಮಕ, ಅದನ್ನು ಹಿಡಿಯಲು ಧನಾತ್ಮಕ ಲಿಪಿಡ್ ಬೇಕು. ಆದರೆ ಸದಾ ಧನಾತ್ಮಕವಾಗಿರುವ ಲಿಪಿಡ್ ಜೀವಕೋಶದ ಪೊರೆಗೆ ಹಾನಿ ಮಾಡಿ ಉರಿಯೂತ ತರುತ್ತದೆ. ಪರಿಹಾರ, ಜಾಗ ನೋಡಿ ಆವೇಶ ಬದಲಿಸುವ ಲಿಪಿಡ್. ರಕ್ತದ 7.4 ಪಿಎಚ್‌ನಲ್ಲಿ ಅದು ಬಹುತೇಕ ತಟಸ್ಥ. ಕೋಶದೊಳಗಿನ ಆಮ್ಲೀಯ ಚೀಲದಲ್ಲಿ ಧನಾತ್ಮಕವಾಗಿ ಸರಕನ್ನು ಬಿಡುತ್ತದೆ.

ಎರಡು, ಅಲರ್ಜಿ. ಕಣಗಳು ಅಂಟಿಕೊಳ್ಳದಂತೆ ಮೇಲೆ ಪಿಇಜಿ ಪದರ ಇರುತ್ತದೆ. ಕೆಲವರ ದೇಹದಲ್ಲಿ ಇದರ ವಿರುದ್ಧ ಪ್ರತಿಕಾಯಗಳಿರುತ್ತವೆ. 2018ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಪಡೆದ ಪ್ಯಾಟಿಸಿರಾನ್ ಕೂಡ ಇಂಥ ಕಣದಲ್ಲೇ ಬರುತ್ತದೆ. ಅದನ್ನು ಕೊಡುವ ಮೊದಲು ಸ್ಟೆರಾಯ್ಡ್, ಅಲರ್ಜಿ ತಡೆಯುವ ಔಷಧ ಕೊಟ್ಟು, ಆಮೇಲೆ ಸುಮಾರು 80 ನಿಮಿಷ ನಿಧಾನವಾಗಿ ಹನಿಸುತ್ತಾರೆ.

ಮೂರು, ಯಕೃತ್ತು. ರಕ್ತ ಸೇರಿದ ಕಣಗಳು ಹೆಚ್ಚಾಗಿ ಅಲ್ಲಿಗೇ ಹೋಗುತ್ತವೆ. 2024ರ ಏಪ್ರಿಲ್‌ನಲ್ಲಿ, ಕೊಲೆಸ್ಟರಾಲ್ ಇಳಿಸಲು ಪಿಸಿಎಸ್‌ಕೆ9 ಜೀನ್ ತಿದ್ದುವ ವರ್ವ್-101ರ ಪ್ರಯೋಗಕ್ಕೆ ಹೊಸಬರನ್ನು ಸೇರಿಸುವುದು ನಿಂತಿತು. ಒಬ್ಬರಲ್ಲಿ ಯಕೃತ್ತಿನ ಕಿಣ್ವ ಏರಿ, ಪ್ಲೇಟ್‌ಲೆಟ್ ಇಳಿದಿತ್ತು. ಕಂಪನಿಯ ಅನುಮಾನ ಬಿದ್ದದ್ದು ಲಿಪಿಡ್ ಕಣದ ಮೇಲೆ. ವರ್ವ್-102ರಲ್ಲಿ ಗುರಿ ಅದೇ ಜೀನ್, ಲಿಪಿಡ್ ಬೇರೆ.

ಹಾಗಂತ ಹೆದರಿ ಕೈಬಿಡೋದಾ? ವೈರಸ್ ವಾಹಕವನ್ನು ಸಾಮಾನ್ಯವಾಗಿ ಎರಡನೇ ಸಲ ಕೊಡುವುದು ಕಷ್ಟ, ದೇಹ ಗುರುತು ಹಿಡಿದಿರುತ್ತದೆ. ಲಿಪಿಡ್ ಕಣದಲ್ಲಿ ಸಣ್ಣ ಡೋಸ್‌ನಿಂದ ಶುರುಮಾಡಿ ಏರಿಸಬಹುದು. 2025ರಲ್ಲಿ ಫಿಲಡೆಲ್ಫಿಯಾದ ಮಕ್ಕಳ ಆಸ್ಪತ್ರೆಯಲ್ಲಿ, ಅಮೋನಿಯಾ ಹೊರಹಾಕಲಾಗದ ಒಂದು ಕೂಸಿಗೆ ಅದಕ್ಕಾಗಿಯೇ ತಯಾರಿಸಿದ ಜೀನ್ ತಿದ್ದುಪಡಿಯನ್ನು ಹೀಗೇ ಮೂರು ಡೋಸ್‌ಗಳಲ್ಲಿ ಕೊಟ್ಟರು. ಮಗು ಚೇತರಿಸಿಕೊಂಡು ಮನೆಗೆ ಹೋಯಿತು.

ಕೆಲಸ ಮುಗಿಸಿ ಬೇಗ ಕರಗುವ ಲಿಪಿಡ್, ಒಂದೇ ಅಳತೆಯ ಕಣ ಕೊಡುವ ಮೈಕ್ರೋಫ್ಲೂಯಿಡಿಕ್ ಮಿಕ್ಸರ್: ಇವು ಡಾಕ್ಟರರಷ್ಟೇ ಮಾಡುವ ಕೆಲಸ ಅಲ್ಲ. ಕೆಮಿಕಲ್, ಮೆಕ್ಯಾನಿಕಲ್‌ನವರೇ, ಒಳ್ಳೆ ಪೆಟ್ಟಿಗೆ ಮಾಡುವ ಪಾಳಿ ನಮ್ಮದೂ ಹೌದು.