ಹಲ್ಲಿನ ಕಲೆಯೂ ಕೊಡದ ನೀರೂ

ಚಳ್ಳಕೆರೆ, ಮೊಳಕಾಲ್ಮೂರು ಕಡೆ ಕೆಲವು ಮಕ್ಕಳು ನಗುವಾಗ ಬಾಯಿಗೆ ಕೈ ಅಡ್ಡ ಹಿಡಿಯುವುದನ್ನು ನೀವು ಕಂಡಿರಬಹುದು. ಹಲ್ಲಿನ ಮೇಲೆ ಕಂದು ಕಲೆ. ಸರಿಯಾಗಿ ಉಜ್ಜುವುದಿಲ್ಲವೆಂದು ತಾಯಿ ಗದರುತ್ತಾಳೆ. ಪಾಪ, ಅದು ಉಜ್ಜಿದರೆ ಹೋಗುವ ಕಲೆಯಲ್ಲ. ಇಲ್ಲಿನ ಆಳದ ಕೊಳವೆಬಾವಿಗಳ ನೀರಿಗೆ ಕಲ್ಲಿನೊಳಗಿನ ಫ್ಲೋರೈಡ್ ಕರಗಿ ಸೇರುತ್ತದೆ. ಲೀಟರಿಗೆ 1.5 ಮಿಲಿಗ್ರಾಂ ದಾಟಬಾರದೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳಿದೆ. ಎಳೆಯ ವಯಸ್ಸಿನಲ್ಲಿ, ಹಲ್ಲು ಒಸಡಿನೊಳಗೆ ರೂಪುಗೊಳ್ಳುವಾಗಲೇ ಕಲೆ ಕೂರುತ್ತದೆ. ಅತಿ ಫ್ಲೋರೈಡಿನ ನೀರನ್ನು ವರ್ಷಗಟ್ಟಲೆ ಕುಡಿದರೆ ಕೀಲು ಬಿಗಿದು ಬೆನ್ನೂ ಬಾಗಬಹುದು.

ಈಗ ಮಿದುಳಿನ ಮಾತೂ ಬಂದಿದೆ. ಅಮೆರಿಕದ ರಾಷ್ಟ್ರೀಯ ವಿಷವಿಜ್ಞಾನ ಕಾರ್ಯಕ್ರಮವು ಹಲವು ದೇಶಗಳ ಅಧ್ಯಯನಗಳನ್ನು ಪರಿಶೀಲಿಸಿ, ಈ ಮಿತಿ ಮೀರಿದ ಕಡೆ ಮಕ್ಕಳ ಬುದ್ಧಿಮಟ್ಟ ಸರಾಸರಿಯಲ್ಲಿ ಕಡಿಮೆ ಕಂಡಿದೆಯೆಂದು 2024ರಲ್ಲಿ ತಿಳಿಸಿತು. ಇದು ನಂಟು, ಕಾರಣವೆಂದು ಸಿದ್ಧವಾಗಿಲ್ಲ. ಸರಾಸರಿಯಿಂದ ಒಂದು ಮಗುವನ್ನು ಅಳೆಯುವುದು ತರ್ಕವೂ ಅಲ್ಲ, ನ್ಯಾಯವೂ ಅಲ್ಲ. ಕಲೆ ಕಂಡು ಯಾರನ್ನೂ ದಡ್ಡನೆನ್ನಬೇಡಿ.

ಕುದಿಸಿದರೆ ಸಾಕೆಂದು ನಂಬಿದವರಿದ್ದಾರೆ. ಕುದಿಸಿದಷ್ಟೂ ನೀರು ಆವಿಯಾಗಿ ಫ್ಲೋರೈಡ್ ಗಾಢವಾಗುತ್ತದೆ. ಶುದ್ಧ ನೀರಿನ ಘಟಕದಿಂದ ತಂದ ಕೊಡವನ್ನು ಮುದ್ದೆಗೂ ಸಾರಿಗೂ ಬಳಸಿ. ಬಸುರಿಯರಿಗೆ, ಚಿಕ್ಕಮಕ್ಕಳಿಗೆ ಮೊದಲು. ಘಟಕ ಕೆಟ್ಟು ನಿಂತಿದ್ದರೆ ನಾಲ್ಕು ಮನೆಯವರು ಕೂಡಿ ಪಂಚಾಯಿತಿಗೆ ಹೋಗಿ ಕೇಳಿ. ನಿಮ್ಮ ಕೊಳವೆಬಾವಿಯ ನೀರಿನ ಪರೀಕ್ಷೆಯ ಅಂಕಿಯನ್ನೂ ಅಲ್ಲೇ ಕೇಳಿ.