ಆರ್‌ಎಸ್‌ಐ 30ಕ್ಕೆ ಇಳಿದರೆ ಷೇರು ಅಗ್ಗವಾಯಿತೇ?

2023ರ ಜೂನ್ 13ರಂದು ನಮ್ಮ ಚೆನ್ನೈನ ಎಂಆರ್‌ಎಫ್ ಕಂಪನಿಯ ಒಂದು ಷೇರಿನ ಬೆಲೆ ಲಕ್ಷ ರೂಪಾಯಿ ದಾಟಿತು. ದೇಶದ ಷೇರುಪೇಟೆಯಲ್ಲಿ ಅದೇ ಮೊದಲು. ಮೈಲಾಪುರದಲ್ಲಿ ಬೆಳಗಿನ ವಾಕಿಂಗಿಗೆ ಸೇರುವ ನಮ್ಮ ಕನ್ನಡಿಗರ ಗುಂಪಿನಲ್ಲಿ ಮರುದಿನ ಅದೇ ಮಾತು. ‘ಒಂದು ಷೇರಿಗೆ ಲಕ್ಷವೇ? ವಿಪರೀತ ದುಬಾರಿ’ ಎಂದರು ಬ್ಯಾಂಕಿನಿಂದ ನಿವೃತ್ತರಾದ ಹಿರಿಯರು. ಐಟಿ ಕಂಪನಿಯ ಹುಡುಗ ನಕ್ಕ. ‘ಬೆಲೆ ನೋಡಬಾರದು ಸಾರ್, ಆರ್‌ಎಸ್‌ಐ ನೋಡಬೇಕು. 70 ದಾಟಿದರೆ ದುಬಾರಿ, 30ಕ್ಕಿಂತ ಇಳಿದರೆ ಅಗ್ಗ.’

ಇಬ್ಬರೂ ಎಡವಿದ್ದು ಒಂದೇ ಕಡೆ: ಒಂದು ಸಂಖ್ಯೆ ನೋಡಿ ಷೇರು ಅಗ್ಗವೋ ದುಬಾರಿಯೋ ಎಂದು ತೀರ್ಮಾನಿಸಿದ್ದು. ಎಂಆರ್‌ಎಫ್‌ನ ಒಟ್ಟು ಷೇರುಗಳು ಬರೀ 42 ಲಕ್ಷ ಚಿಲ್ಲರೆ. ಷೇರು ಕಡಿಮೆ ಇದ್ದಷ್ಟೂ ಒಂದೊಂದರ ಬೆಲೆ ದೊಡ್ಡದಾಗಿ ಕಾಣುತ್ತದೆ. ಹಾಗೆಯೇ ಆರ್‌ಎಸ್‌ಐ 70 ಎನ್ನುವುದೂ ಕಂಪನಿಯ ಯೋಗ್ಯತೆಯ ಬಗ್ಗೆ ಏನನ್ನೂ ಹೇಳುವುದಿಲ್ಲ.

ಆರ್‌ಎಸ್‌ಐ ಎಂದರೆ ರಿಲೇಟಿವ್ ಸ್ಟ್ರೆಂತ್ ಇಂಡೆಕ್ಸ್, ಬೆಲೆಯ ಏರಿಳಿತ ಅಳೆಯುವ ಸೂಚಕ. ಇದನ್ನು ರೂಪಿಸಿದವರು ಅಮೆರಿಕದ ವೆಲ್ಸ್ ವೈಲ್ಡರ್. ಓದಿದ್ದು ಮೆಕ್ಯಾನಿಕಲ್ ಎಂಜಿನಿಯರಿಂಗ್. 1978ರಲ್ಲಿ ತಮ್ಮ ಪುಸ್ತಕದಲ್ಲಿ ಇದನ್ನು ಪ್ರಕಟಿಸಿದರು. ಲೆಕ್ಕದ ತಿರುಳು ಸುಲಭ. ಕಳೆದ 14 ದಿನಗಳಲ್ಲಿ ಬೆಲೆ ಏರಿದ ದಿನಗಳ ಏರಿಕೆಯನ್ನೆಲ್ಲ ಕೂಡಿ 14ರಿಂದ ಭಾಗಿಸಿ. ಇಳಿದ ದಿನಗಳ ಇಳಿಕೆಗೂ ಹಾಗೆಯೇ ಮಾಡಿ. ಏರಿಕೆಯ ಸರಾಸರಿ 6 ರೂಪಾಯಿ, ಇಳಿಕೆಯದು 2 ರೂಪಾಯಿ ಎಂದಿಟ್ಟುಕೊಳ್ಳಿ. ಒಟ್ಟು 8ರಲ್ಲಿ ಏರಿಕೆಯ ಪಾಲು 6, ಅಂದರೆ ಶೇ 75. ಆರ್‌ಎಸ್‌ಐ 75 ಎಂದರೆ ಇಷ್ಟೇ. ಏರಿಕೆ 60 ಪೈಸೆ, ಇಳಿಕೆ 20 ಪೈಸೆ ಇದ್ದರೂ ಅದೇ 75 ಬರುತ್ತದೆ. ಲಾಭ, ಸಾಲ, ಮಾರಾಟ ಯಾವುದೂ ಈ ಲೆಕ್ಕದೊಳಗೆ ಇಲ್ಲ. ಇದು ಬಸ್ಸಿನ ಸ್ಪೀಡೋಮೀಟರ್ ಇದ್ದ ಹಾಗೆ: ವೇಗ ತೋರಿಸುತ್ತದೆ, ಬಸ್ಸು ಎಲ್ಲಿ ನಿಲ್ಲುತ್ತದೆ ಎಂದು ಹೇಳುವುದಿಲ್ಲ.

2020 ಇದಕ್ಕೆ ಒಳ್ಳೆಯ ಪಾಠ. ಫೆಬ್ರವರಿ ಕೊನೆಯಲ್ಲಿ ಷೇರುಪೇಟೆಯ ನಿಫ್ಟಿ ಸೂಚ್ಯಂಕ 11,200ರ ಸುಮಾರಿಗೆ ಬಂದಾಗಲೇ ದಿನದ ಆರ್‌ಎಸ್‌ಐ 30ರ ಕೆಳಗಿತ್ತು. ‘ಓವರ್‌ಸೋಲ್ಡ್’ (ಅತಿಯಾಗಿ ಮಾರಾಟವಾಗಿದೆ) ಎಂದು ಆಗ ಕೊಂಡವರು ಮಾರ್ಚ್ 24ರಂದು 7,511ನ್ನು ನೋಡಬೇಕಾಯಿತು. ಕೊಂಡ ಮಟ್ಟದಿಂದ ಮತ್ತೆ ಸುಮಾರು ಮೂರನೇ ಒಂದು ಭಾಗ ಕುಸಿತ! ಅದೇ ವರ್ಷ ನವೆಂಬರಿನಲ್ಲಿ ನಿಫ್ಟಿ 13,000 ದಾಟಿದಾಗ ಆರ್‌ಎಸ್‌ಐ 70ರ ಮೇಲಿತ್ತು. ‘ಓವರ್‌ಬಾಟ್’ (ಅತಿಯಾಗಿ ಖರೀದಿಯಾಗಿದೆ) ಎಂದು ಮಾರಿ ಹೊರಬಂದವರು ಮರುವರ್ಷದ ಫೆಬ್ರವರಿಯಲ್ಲಿ ಅದು 15,000 ಮುಟ್ಟಿದ್ದನ್ನು ಹೊರಗೆ ನಿಂತು ನೋಡಿದರು. ಬಲವಾದ ಏರುಪೇಟೆಯಲ್ಲಿ ಆರ್‌ಎಸ್‌ಐ ವಾರಗಟ್ಟಲೆ 70ರ ಆಸುಪಾಸಿನಲ್ಲೇ ಇರಬಹುದು, ಕುಸಿತದಲ್ಲಿ 30ರ ಸುತ್ತಲೇ ತೆವಳಬಹುದು. 30–70ರ ಸೂತ್ರ ಸ್ವಲ್ಪ ಮಟ್ಟಿಗೆ ಕೈಹಿಡಿಯುವುದು ಪೇಟೆ ಎತ್ತಲೂ ಹೋಗದೆ ಏರಿಳಿಯುತ್ತಿರುವಾಗ ಮಾತ್ರ.

ಹಾಗಾದರೆ ಆರ್‌ಎಸ್‌ಐ ಬಿಟ್ಟೇಬಿಡಬೇಕೇ? ನಾನು ಬಿಟ್ಟಿಲ್ಲ. ಅದಕ್ಕೆ ಒಂದು ಸಣ್ಣ ಕೆಲಸ ಕೊಟ್ಟಿದ್ದೇನೆ. ಯಾವ ಷೇರು ಕೊಳ್ಳಬೇಕೆಂಬುದನ್ನು ವಾರ್ಷಿಕ ವರದಿ ಓದಿಯೇ ತೀರ್ಮಾನಿಸುತ್ತೇನೆ. ಅದಕ್ಕೆ ಮೀಸಲಿಟ್ಟ ಹಣವನ್ನು ಕಂತುಗಳಾಗಿ ಒಡೆಯುತ್ತೇನೆ. ಬೆಲೆ 200 ದಿನಗಳ ಸರಾಸರಿಗಿಂತ ಮೇಲಿದ್ದು, ವಾರದ ಚಾರ್ಟಿನಲ್ಲಿ ಆರ್‌ಎಸ್‌ಐ 40–50ರ ನಡುವೆ ಇಳಿದಿದ್ದರೆ ಮುಂದಿನ ಕಂತು ಹಾಕುತ್ತೇನೆ. ಏರುಪೇಟೆಯ ಷೇರು ಉಸಿರು ತೆಗೆದುಕೊಳ್ಳುವುದು ಸಾಮಾನ್ಯವಾಗಿ ಅಲ್ಲೇ. ಬೆಲೆ ಹೊಸ ಎತ್ತರಕ್ಕೆ ಹೋಗಿಯೂ ಆರ್‌ಎಸ್‌ಐ ಹಳೆಯ ಎತ್ತರ ಮುಟ್ಟದಿದ್ದರೆ ಅವಸರ ಮಾಡುವುದಿಲ್ಲ. ಹಾಗೆಂದು ಅದೊಂದೇ ಕಾರಣಕ್ಕೆ ಮಾರುವುದೂ ಇಲ್ಲ. ಇದರಿಂದ ನನಗೆ ದೊಡ್ಡ ಲಾಭ ಬಂತೆಂದು ಹೇಳಲಾರೆ. ಟಿವಿ ಚರ್ಚೆ ಕೇಳಿ ಎದ್ದು ಓಡುವ ಚಾಳಿಯಂತೂ ತಪ್ಪಿದೆ.

ಆ ಐಟಿ ಹುಡುಗ ಹೇಳುವಂತೆ 30ಕ್ಕೆ ಕೊಂಡು 70ಕ್ಕೆ ಮಾರುತ್ತಾ ಹೋದರೆ ಖರ್ಚಿನ ಲೆಕ್ಕವೂ ಬೇಕು. ಡೆಲಿವರಿ ವಹಿವಾಟಿನಲ್ಲಿ ಕೊಳ್ಳುವಾಗಲೂ ಮಾರುವಾಗಲೂ ಶೇ 0.1ರಷ್ಟು ಷೇರು ವಹಿವಾಟು ತೆರಿಗೆ, ಅಂದರೆ ಎಸ್‌ಟಿಟಿ. ವರ್ಷದೊಳಗೆ ಮಾರಿದ ಷೇರಿನ ಲಾಭಕ್ಕೆ 2024ರ ಜುಲೈ 23ರಿಂದ ಶೇ 15ರ ಬದಲು ಶೇ 20 ತೆರಿಗೆ. ಬ್ರೋಕರೇಜು, ಜಿಎಸ್‌ಟಿ ಬೇರೆ. ಇನ್ನು ಆಪ್ಷನ್‌ಗೆ ಇಳಿದರಂತೂ ಷೇರುಪೇಟೆ ನಿಯಂತ್ರಕ ಸೆಬಿಯ 2024ರ ಅಧ್ಯಯನ ಕಣ್ಣಮುಂದಿರಲಿ: 2022ರಿಂದ 2024ರವರೆಗಿನ ಮೂರು ಹಣಕಾಸು ವರ್ಷಗಳಲ್ಲಿ ಫ್ಯೂಚರ್ಸ್ ಮತ್ತು ಆಪ್ಷನ್ಸ್‌ನಲ್ಲಿ ವ್ಯವಹರಿಸಿದ ವೈಯಕ್ತಿಕ ಟ್ರೇಡರುಗಳಲ್ಲಿ ಶೇ 93ರಷ್ಟು ಮಂದಿ ಕೈಸುಟ್ಟುಕೊಂಡರು, ಒಟ್ಟು ನಷ್ಟ 1.8 ಲಕ್ಷ ಕೋಟಿ ರೂಪಾಯಿಗೂ ಹೆಚ್ಚು. ಅವರೆಲ್ಲರ ಮೊಬೈಲಿನಲ್ಲೂ ಆರ್‌ಎಸ್‌ಐ ಪುಕ್ಕಟೆ ಸಿಗುತ್ತಿತ್ತು.

ಆದ್ದರಿಂದ ಟೆಲಿಗ್ರಾಂ ಗುಂಪಿನಲ್ಲಿ ‘ಆರ್‌ಎಸ್‌ಐ 28, ಕಣ್ಣುಮುಚ್ಚಿ ಕೊಳ್ಳಿ’ ಎಂದು ಯಾರಾದರೂ ಹಾಕಿದರೆ ಎರಡು ಪ್ರಶ್ನೆ ಕೇಳಿ. ಕಂಪನಿಯ ಲಾಭ ಏರುತ್ತಿದೆಯೋ ಇಳಿಯುತ್ತಿದೆಯೋ? ಸಲಹೆ ಕೊಡಲು ನಿಮಗೆ ಸೆಬಿ ನೋಂದಣಿ ಇದೆಯೇ? ಉತ್ತರ ಬರುವವರೆಗೆ ನಿಮ್ಮ ದುಡ್ಡು ಬ್ಯಾಂಕಿನಲ್ಲೇ ಇರಲಿ.