ಪಾರ್ಶ್ವವಾಯು ಮತ್ತು ಆನುವಂಶಿಕತೆ

ಸುಳ್ಯ ತಾಲೂಕಿನ ಐವರ್ನಾಡಿನ ಒಂದು ಮನೆಯಲ್ಲಿ ಅಜ್ಜನಿಗೂ ತಂದೆಗೂ ಲಕ್ವ ಬಡಿಯಿತೆನ್ನೋಣ. ‘ನನಗೂ ಇದು ತಪ್ಪದೆ?’ ಎಂಬ ಪ್ರಶ್ನೆ ಮಗನನ್ನು ಕಾಡದಿರದು.

ಮಿದುಳಿಗೆ ರಕ್ತವನ್ನೊಯ್ಯುವ ನಾಳವು ಮುಚ್ಚಿದಾಗ ಇಲ್ಲವೆ ಒಡೆದಾಗ ಪಾರ್ಶ್ವವಾಯು ಉಂಟಾಗುತ್ತದೆ. ಒಮ್ಮೊಮ್ಮೆ ಒಂದೇ ವಂಶವಾಹಿಯ ದೋಷವು ಇದಕ್ಕೆ ಮೂಲವಾಗುವುದುಂಟು. 19ನೆಯ ವರ್ಣತಂತುವಿನಲ್ಲಿರುವ ನಾಚ್-3 ಎಂಬ ವಂಶವಾಹಿ ಕೆಟ್ಟರೆ ಮಿದುಳಿನ ಕಿರುನಾಳಗಳು ಹಾಳಾಗುತ್ತವೆಂದು 1996ರಲ್ಲಿ ತಿಳಿದುಬಂದಿತು. ಕುಡುಗೋಲು ಕಣ ರೋಗವು ಇನ್ನೊಂದು ಬಗೆ. ತಾಯಿತಂದೆಗಳಿಬ್ಬರಿಂದಲೂ ಈ ದೋಷವನ್ನು ಪಡೆದ ಮಗುವಿನ ಕೆಂಪು ರಕ್ತಕಣಗಳು ಕುಡುಗೋಲಿನಂತೆ ಬಾಗಿ ನಾಳಗಳನ್ನು ಕಟ್ಟುತ್ತವೆ. ಎಳೆಯ ವಯಸ್ಸಿನಲ್ಲಿಯೇ ಪಾರ್ಶ್ವವಾಯು ಬರಬಹುದು. 1952ರಲ್ಲಿ ನೀಲಗಿರಿಯ ಬುಡಕಟ್ಟುಗಳಲ್ಲಿ ಗುರುತಿಸಲಾದ ಈ ದೋಷವು ಬಿಳಿಗಿರಿರಂಗನ ಬೆಟ್ಟದ ಸೋಲಿಗರಲ್ಲಿಯೂ ಇದೆ. ಅಲ್ಲಿ 1981ರಲ್ಲಿ ಡಾ. ಎಚ್. ಸುದರ್ಶನ್ ಅವರು ಸ್ಥಾಪಿಸಿದ ವಿವೇಕಾನಂದ ಗಿರಿಜನ ಕಲ್ಯಾಣ ಕೇಂದ್ರವು ಇಂಥ ರೋಗಿಗಳ ಆರೈಕೆಯಲ್ಲಿ ತೊಡಗಿತು.

ಆದರೆ ಬಹುಪಾಲು ರೋಗಿಗಳಲ್ಲಿ ಯಾವುದೇ ಒಂದು ವಂಶವಾಹಿ ಕಾರಣವಲ್ಲ. ಅನೇಕ ವಂಶವಾಹಿಗಳು ಅಲ್ಪಸ್ವಲ್ಪ ಅಪಾಯವನ್ನು ಕೂಡಿಸುತ್ತವೆ. ರಕ್ತದ ಒತ್ತಡ, ಸಕ್ಕರೆ ಕಾಯಿಲೆಗಳ ಒಲವು ಹೀಗೆಯೇ ಮನೆತನದಲ್ಲಿ ಇಳಿದುಬರುತ್ತದೆ. ಅದರೊಡನೆ ಒಂದೇ ಅಡುಗೆಮನೆಯ ಉಪ್ಪು, ಒಂದೇ ಹರಿವಾಣದ ಹೊಗೆಸೊಪ್ಪು ಸಹ ತಲೆಮಾರಿನಿಂದ ತಲೆಮಾರಿಗೆ ಸಾಗುತ್ತವೆ. ವಂಶವಾಹಿಯನ್ನು ಬದಲಿಸುವುದು ಸುಲಭವಲ್ಲ; ಅಭ್ಯಾಸವನ್ನು ಬದಲಿಸಬಹುದು, ಒತ್ತಡವನ್ನು ಔಷಧದಿಂದ ಹತೋಟಿಯಲ್ಲಿಡಬಹುದು.

ಬಾಯಿ ಸೊಟ್ಟಗಾದರೆ, ಕೈ ಸೋತರೆ, ಮಾತು ತೊದಲಿದರೆ ತಡಮಾಡದೆ ಆಸ್ಪತ್ರೆಗೆ ಸಾಗಿಸಬೇಕು. ಹೆಪ್ಪುಗಟ್ಟಿದ ರಕ್ತವನ್ನು ಕರಗಿಸುವ ಔಷಧವನ್ನು ಸಾಮಾನ್ಯವಾಗಿ ನಾಲ್ಕೂವರೆ ಗಂಟೆಗಳೊಳಗೆ ಕೊಡಬೇಕಾಗುತ್ತದೆ. ತೋಟದ ಹಾದಿ ದಾಟಿ ಪಟ್ಟಣ ಸೇರಬೇಕಾದ ಹಳ್ಳಿಗರಿಗೆ ಪ್ರತಿ ನಿಮಿಷವೂ ಅಮೂಲ್ಯ.

ಹಿರಿಯರ ರೋಗದ ನೆನಪು ಆ ಮಗನಿಗೆ ಭಯವಾಗದೆ ಎಚ್ಚರವಾಗಲಿ.